ಆನೆನಾಡಿನ ಬಲ

ಆನೆಗಳ ನಾಡನ್ನು ಆಳುತ್ತಿದ್ದ ಮುದಿ ಹೆಣ್ಣಾನೆ ಕಾಳಿಂದಿಗೆ, ನಾಡಿನ ಬಲ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಚಿಂತೆ. ಬೇಸಗೆಯಲ್ಲಿ ನೀರುಳಿದ ಒಂದೇ ಕೆರೆಗೆ ಅವಳ ಹಿಂಡಿನಂತೆ ನೆರೆನಾಡಿನ ಆನೆಗಳೂ ಹೊರಟಿದ್ದವು.

“ನಾಡಿನ ಬಲ ಏರಿದೆ, ಅಜ್ಜಿ!” ಎಂದ ಮೊಮ್ಮಗ ಸಲಗ. “ನಮ್ಮ ದಂತಗಳನ್ನು ನೋಡಿ, ನಡಿಗೆಯನ್ನು ನೋಡಿ. ಅವರಿಗಿಂತ ಮೊದಲೇ ಕೆರೆ ಮುಟ್ಟಿದೆವು!”

ಕಾಳಿಂದಿ ಹಿಂದಿರುಗಿ ನೋಡಿದಳು. “ಕುಂಟುವ ನಿನ್ನ ಚಿಕ್ಕಜ್ಜಿ ಎಲ್ಲಿ?”

“ಹಿಂದೆಲ್ಲೋ ಉಳಿದಿರಬೇಕು.”

“ಅವಳು ಉಳಿದದ್ದು ಯಾರಿಗೂ ತಿಳಿಯಲಿಲ್ಲವೇ? ಹಾಗಾದರೆ ಇಳಿದಿದೆ, ಮಗು.” ನೀರು ಮುಟ್ಟದೆಯೇ ಅವಳು ಬಂದ ದಾರಿಗೆ ತಿರುಗಿದಳು.

“ಕೆರೆ ಅವರ ಪಾಲಾಗುತ್ತದೆ!” ಎಂದು ಸಲಗ ಗೊಣಗಿದ. ಆದರೂ ಅಜ್ಜಿಗಿಂತ ಮುಂದೆ ಓಡಿದ. ಇಳಿಜಾರಿನಲ್ಲಿ ಕುಸಿದು ಕುಳಿತಿದ್ದ ಚಿಕ್ಕಜ್ಜಿಯ ಬೆನ್ನಿಗೆ ಹಣೆಯಾನಿಸಿ ಮೆಲ್ಲನೆ ಎಬ್ಬಿಸಿದ.

“ನಿಧಾನವಾಗಿ ಬನ್ನಿ. ಅವಸರವೇನಿಲ್ಲ.”

ನಾಡಿನ ಬಲ ಗೇಣುದ್ದ ಏರಿತೆಂದು ಕಾಳಿಂದಿ ಆಗ ಮನಸ್ಸಿನಲ್ಲೇ ಅಂದುಕೊಂಡಳು.