ಫ್ಲೆಕ್ಸ್ ಬಿಟ್ಟ ಮುದ್ರಕ

"ಗುರುಗಳೇ, ಕೆಟ್ಟದ್ದನ್ನು ಬಿಟ್ಟವನಿಂದಲೂ ಕೇಡಾಗುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಹುಟ್ಟುಹಬ್ಬ, ಚುನಾವಣೆ, ತಿಥಿ, ಯಾವುದೇ ಇರಲಿ, ಆಳೆತ್ತರದ ಮುಖಗಳನ್ನು ಫ್ಲೆಕ್ಸ್ ಹಾಳೆಯ ಮೇಲೆ ಅಚ್ಚು ಹಾಕಿ ಕೊಡುತ್ತಿದ್ದ. ಹದಿನಾರು ವರ್ಷ ಹಾಗೇ ನಡೆಯಿತು. ಒಮ್ಮೆ ಹಿತ್ತಿಲಲ್ಲಿ ಗುಂಡಿ ತೋಡಿಸುವಾಗ, ಮೊದಲ ವರ್ಷ ಅವನೇ ಅಚ್ಚು ಹಾಕಿದ್ದ ಹಾಳೆಯೊಂದು ಸಿಕ್ಕಿತು. ಮಣ್ಣು ಒರೆಸಿದ. ಮುಖ ಇನ್ನೂ ನಗುತ್ತಿತ್ತು. ಆ ಮನುಷ್ಯ ಸತ್ತು ಹತ್ತು ವರ್ಷವಾಗಿತ್ತು.

ಮುದ್ರಕನಿಗೆ ತನ್ನ ಕೈಯನ್ನು ಕಂಡು ತನಗೇ ಹೇಸಿಗೆಯಾಯಿತು. ಅವತ್ತೇ ಫ್ಲೆಕ್ಸ್ ನಿಲ್ಲಿಸಿದ. ಹತ್ತಿ ಬಟ್ಟೆಯ ಮೇಲೆ ಅಚ್ಚು ಹಾಕುವ ಯಂತ್ರ ತಂದ. ಬಟ್ಟೆಯ ಮೇಲೆ ಬಣ್ಣ ಮಂಕು ಎಂದು ಅರ್ಧ ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಅವನು ಜಗ್ಗಲಿಲ್ಲ. ಇಂಥವರು ಊರಿಗೊಬ್ಬರಿದ್ದರೆ ಸಾಕು ಎಂದು ಜನ ಹೊಗಳಿದರು. ಅದು ಅವನ ಕಿವಿಗೂ ಬಿತ್ತು.

ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಚಿಂದಿ ಆಯುವ ಹೆಂಗಸೊಬ್ಬಳ ಗುಡಿಸಲಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅವಳು ಮುದ್ರಕನಿಂದ ಹಳೆಯ ಫ್ಲೆಕ್ಸ್ ಕೇಳಿ ಒಯ್ದು ಸೂರಿಗೆ ಹೊದಿಸುತ್ತಿದ್ದಳು. ಆ ವರ್ಷವೂ ಬಂದಳು. ಅವನು ಇದ್ದುದರಲ್ಲಿ ದಪ್ಪನೆಯ ಬಟ್ಟೆ ಆರಿಸಿ ಕೊಟ್ಟ. ಮೊದಲ ಮಳೆಯ ಮರುದಿನ ಅವಳು ಅದನ್ನು ಹಿಂಡಿ, ಮಡಚಿ, ತಂದಿಟ್ಟಳು.

"ಅಣ್ಣಾ, ನಿಮ್ಮ ಪುಣ್ಯ ಸೋರುತ್ತೆ. ಎದುರು ಅಂಗಡಿಯವರ ಪಾಪ ಕೇಳಿ ತಂದು ಹೊದಿಸಿದೀನಿ. ಒಂದು ಹನಿ ಇಳಿದಿಲ್ಲ."

"ಅದು ವಿಷ ಕಣಮ್ಮ. ನೂರು ವರ್ಷ ಆದ್ರೂ ಕೊಳೆಯಲ್ಲ."

"ನನಗೆ ನಾಲ್ಕು ತಿಂಗಳು ಸಾಕಣ್ಣ."

ಮುದ್ರಕನಿಗೆ ಆ ಮಾತು ಚುಚ್ಚಿತು. ಅವಳು ಮಳೆಯಲ್ಲಿ ನೆನೆದಳೆಂದಲ್ಲ, ತನ್ನ ಬೆನ್ನ ಹಿಂದೆಯೇ ಎದುರಿನವನ ಹಾಳೆ ಮೆರೆಯಿತೆಂದು. ಸರ್ಕಾರ ನಿಷೇಧಿಸಿದ ಫ್ಲೆಕ್ಸ್ ಹಾಳೆಯನ್ನು ಎದುರಿನ ಅಂಗಡಿಯಲ್ಲಿ ಮಾರುತ್ತಿದ್ದಾರೆ ಎಂದು ಪುರಸಭೆಗೆ ದೂರು ಬರೆದ.

ಅಧಿಕಾರಿಗಳು ಲಾರಿಯ ಸಮೇತ ಬಂದರು. ಎದುರಿನವನಿಗೆ ಮೊದಲೇ ಸುದ್ದಿ ಮುಟ್ಟಿತ್ತು. ಅಂಗಡಿ ಗುಡಿಸಿಟ್ಟಷ್ಟು ಖಾಲಿಯಾಗಿತ್ತು. ಬಂದವರು ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಸುತ್ತ ನೋಡಿದರು. ಗುಡಿಸಲು ಕಣ್ಣಿಗೆ ಬಿತ್ತು.

ಮಳೆ ಹಿಡಿದಿತ್ತು. ಮುದ್ರಕ ತನ್ನ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದ. ಅಧಿಕಾರಿ ಸೂರಿನತ್ತ ಬೆರಳು ಮಾಡಿ, "ನಿಮಗೆ ಗೊತ್ತಿರುತ್ತಲ್ಲ, ಅದೂ ಫ್ಲೆಕ್ಸೇ ತಾನೆ?" ಎಂದು ಕೇಳಿದ.

ಹೆಂಗಸು ಮುದ್ರಕನ ಮುಖ ನೋಡಿದಳು.

"ಹೌದು" ಎಂದ ಮುದ್ರಕ. ಸುಳ್ಳು ಹೇಳಿ ಅವನಿಗೆ ರೂಢಿಯಿರಲಿಲ್ಲ.

ಅವರು ಹಾಳೆ ಕಿತ್ತು ಲಾರಿಗೆ ಎಸೆದರು. ಊರಿನ ಪ್ಲಾಸ್ಟಿಕ್ ಒಂದು ಲಾರಿಯಷ್ಟು ಕಡಿಮೆಯಾಯಿತೆಂದು ಮರುದಿನ ಪತ್ರಿಕೆಯಲ್ಲಿ ಬಂತು. ಮುದ್ರಕನ ಹೆಸರೂ ಇತ್ತು. ಅಂಗಡಿಯ ಹಿಂದಿನ ಕಿಟಕಿಯನ್ನು ಮಾತ್ರ ಅವನು ಮತ್ತೆ ತೆರೆಯಲಿಲ್ಲ.

ಗುರುಗಳು ಕಥೆ ಮುಗಿಸಿದರು. ಶಿಷ್ಯ ಕೇಳಿದ:

"ಆಮೇಲೆ ಅವನು ಮತ್ತೆ ಫ್ಲೆಕ್ಸಿಗೆ ಮರಳಿದನೇ, ಬಟ್ಟೆಯಲ್ಲೇ ಉಳಿದನೇ?"

ಗುರುಗಳು ಹೇಳಿದರು: "ನೀನೂ ಅವನ ವಿಚಾರವನ್ನೇ ಕೇಳಿದೆ."