ಜವರಮ್ಮನ ಫೋನ್ ಅರೆಸ್ಟು

ಸೊಳ್ಳೆ ಗುಂಯ್ ಅಂದರೂ ಬೆಚ್ಚಿಬೀಳೋ ಜವರಮ್ಮನಿಗೆ ಖಾಕಿ ತೊಟ್ಟವನೊಬ್ಬ ವಿಡಿಯೋ ಕಾಲ್ ಮಾಡಿದ. ಅವನ ಮೀಸೆ ಫೋನಿಂದಾಚೆ ಬಂದು ಸೂರಿನ ಹಂಚು ಮುಟ್ಟಿತ್ತಂತೆ!

“ನಿನ್ನ ಮೇಲೆ ಕೇಸಿದೆ! ಬ್ಯಾಂಕಿನ ಓಟಿಪಿ ಹೇಳು, ಇಲ್ಲಾಂದ್ರೆ ಜೈಲು. ಯಾರ ಹತ್ರಾನೂ ಬಾಯಿ ಬಿಡಬೇಡ!”

ಜವರಮ್ಮ ಥರಥರ ನಡುಗಿದಳು. ‘ಯಾರಿಗೂ ಗೊತ್ತಾಗಬಾರದು ಅಂತಾನಲ್ಲ, ಹಂಗಾದ್ರೆ ಇವನಿಗೂ ಭಯ ಇದೆ’ ಅನ್ನಿಸ್ತು. ನಡುಗುತ್ತಲೇ ಬೀದಿ ನಲ್ಲಿ ಹತ್ರ ಹೋಗಿ ಸ್ಪೀಕರ್ ಒತ್ತಿದಳು.

“ಸಾಹೇಬ್ರೇ, ಕಿವಿ ಮಂದ. ಜೋರಾಗಿ ಹೇಳಿ.”

ಅವನು ಗುಡುಗಿದ. ಕೊಡ ಹಿಡಿದ ಹೆಂಗಸರೆಲ್ಲ ಫೋನಿಗೆ ಮುತ್ತಿದರು.

“ಯಾರಿಗೂ ಹೇಳಬೇಡ ಅಂದಿದ್ದೆ!”

“ನಾನೆಲ್ಲಿ ಹೇಳ್ದೆ? ನೀವೇ ಹೇಳಿದ್ರಿ! ಜೈಲಲ್ಲಿ ಒಬ್ಬಳೇ ಇರೋಕೆ ಭಯ ಸಾಹೇಬ್ರೇ, ಇವರನ್ನೂ ಅರೆಸ್ಟ್ ಮಾಡಿ.”

“ಬಾರಪ್ಪ, ಎಲ್ಲಿದೀಯಾ?” ಅಂತ ಒಬ್ಬಳು ಕೊಡ ಎತ್ತಿದಳು. ಮೀಸೆ ಸರ್ರಂತ ಫೋನೊಳಗೆ ನುಗ್ಗಿತು, ಕಾಲ್ ಕಟ್ಟಾಯ್ತು.

ಜವರಮ್ಮನ ನಡುಕ ಮಾತ್ರ ನಿಲ್ಲಲಿಲ್ಲ. ಅವತ್ತು ಅವಳು ಮುಟ್ಟಿದ ಮೊಸರೆಲ್ಲ ಬೆಣ್ಣೆಯಾಯ್ತಂತೆ!