ಕಾವಲಿನ ಮುಸುವ ಹೆಚ್ಚು ಮಲಗಿದ್ದು

ಹೊಳೆದಂಡೆಯ ಮತ್ತಿಮರದ ತುದಿಯಲ್ಲಿ ಕರಿಮೂತಿಯ ಮುಸುವ ಕೋತಿಯೊಂದು ಜಿಂಕೆಗಳಿಗೆ ಕಾವಲಾಗಿತ್ತು. ದಿನಾ ಬೆಳಿಗ್ಗೆ ಹಿರಿಯ ಜಿಂಕೆ "ನೀರಿಗೆ ಇಳಿಯಬಹುದೇ ಅಣ್ಣ?" ಎಂದು ಕೇಳುವುದು, ಮುಸುವ ಹುಲ್ಲಿನ ಮೇಲೆಲ್ಲ ಕಣ್ಣಾಡಿಸಿ ಉತ್ತರ ಕೊಡುವುದು ಅಲ್ಲಿನ ಕಟ್ಟಳೆ. ಹೆಚ್ಚು ಮಲಗಿದರೆ ಕಣ್ಣು ಇನ್ನಷ್ಟು ಚುರುಕಾದೀತೆಂದು ಒಂದು ದಿನ ಮುಸುವ ಹೊತ್ತೇರುವ ತನಕ ಮಲಗಿಬಿಟ್ಟಿತು. ನಿದ್ದೆಯಲ್ಲಿ ಯಾರೋ "ಎಚ್ಚರವೇ ಅಣ್ಣ?" ಎಂದು ಮತ್ತೆ ಮತ್ತೆ ಕೇಳಿದಂತಾಯಿತು. ಅದು ಮಗ್ಗುಲು ಬದಲಿಸಿ ಮತ್ತೆ ಮಲಗಿತು.

ಎದ್ದಾಗ ತಲೆ ಕಲ್ಲಿನಂತೆ ಭಾರ. ಬಿಸಿಲು ಕಂಡರೂ ಸಿಟ್ಟು. ಕೆಳಗಿನಿಂದ ಜಿಂಕೆ, "ಇಳಿಯಬಹುದೇ ಅಣ್ಣ?" ಎಂದಿತು.

"ಇಳಿಯಿರಿ! ಬೆಳಗಿನಿಂದ ಎಷ್ಟು ಸಲ ಕೂಗಿ ನಿದ್ದೆ ಕೆಡಿಸುತ್ತೀರಿ?" ಎಂದು ಹುಲ್ಲಿನತ್ತ ನೋಡದೆಯೇ ಮುಸುವ ರೇಗಿತು.

ಮರಿಗಳು ಮುಂದೆ ಓಡಿದವು. ಹಿರಿಯ ಜಿಂಕೆ ಮಾತ್ರ ನಿಂತಿತು. "ನಾವು ಬಂದದ್ದೇ ಈಗ, ಅಣ್ಣ. ಕೂಗಿದ್ದು ಇದೊಂದೇ ಸಲ."

ಆ ಮಾತು ಮುಸುವದ ತಲೆಗಿಳಿಯಲು ಬಹಳ ಹೊತ್ತು ಹಿಡಿಯಿತು. ಮೊದಲು ಕೂಗಿದ್ದು ಬೇರೆ ಯಾರೋ ಎಂದು ಹೊಳೆದಾಗ ಎಚ್ಚರಿಕೆಯ ಕೂಗು ಹಾಕಲು ಬಾಯಿ ತೆರೆಯಿತು, ಬಂದದ್ದು ಆಕಳಿಕೆ.

ಗಾಳಿ ಬೀಸುತ್ತಿತ್ತು. ದಂಡೆಯ ಹುಲ್ಲೆಲ್ಲ ತೂಗುತ್ತಿತ್ತು, ಒಂದು ಕಡೆ ಬಿಟ್ಟು. ಅಲ್ಲಿಂದ ಚಿರತೆಯೊಂದು ಮೆಲ್ಲಗೆ ಹೇಳಿತು: "ಇನ್ನು ಮಲಗಣ್ಣ. ಮರಿಗಳು ಇಳಿದಾಯಿತು."